ಆ 43 ಪರ್ಸೆಂಟ್ ಎಲ್ಲಿಂದ ಬಂತು?

ಪ್ರಶ್ನೆ: 1950ರಿಂದ 2015ರೊಳಗೆ ದೇಶದಲ್ಲಿ ಹಿಂದೂಗಳು 7.8% ಕಡಿಮೆಯಾದರು, ಮುಸ್ಲಿಮರು 43% ಜಾಸ್ತಿಯಾದರು ಎಂದು ಸರ್ಕಾರದ ವರದಿಯೇ ಹೇಳಿದೆಯಂತೆ. ಹೌದಾ ಸರ್?

ಉತ್ತರ: ಇದನ್ನೇ ಎಷ್ಟು ಸಲ ಕೇಳುತ್ತೀರಿ! ಇವತ್ತು ಪೂರ್ತಿ ಬರೆದುಬಿಡುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

ವರದಿ ಇರುವುದು ನಿಜ. 2024ರ ಮೇ ತಿಂಗಳಲ್ಲಿ, ಲೋಕಸಭಾ ಚುನಾವಣೆ ನಡೆಯುತ್ತಿದ್ದಾಗಲೇ, ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿ ಹೊರತಂದ ಪ್ರಬಂಧ ಅದು. ಅದರಲ್ಲಿರುವುದು ಜನಸಂಖ್ಯೆಯಲ್ಲಿ ಯಾರ ಪಾಲು ಎಷ್ಟು ಎಂಬ ಲೆಕ್ಕ. ನೂರಕ್ಕೆ 84.68 ಇದ್ದ ಹಿಂದೂಗಳ ಪಾಲು 78.06 ಆಯಿತು. ಮುಸ್ಲಿಮರ ಪಾಲು 9.84ರಿಂದ 14.09ಕ್ಕೆ ಏರಿತು. ಅಂದರೆ ನೂರಕ್ಕೆ ನಾಲ್ಕೂಕಾಲು ಜಾಸ್ತಿ. ಆ ನಾಲ್ಕೂಕಾಲನ್ನು 9.84ರಿಂದ ಭಾಗಿಸಿ, ನೂರರಿಂದ ಗುಣಿಸಿ. ಬಂತಲ್ಲ 43? ಪರ್ಸೆಂಟಿನ ಮೇಲೆ ಇನ್ನೊಂದು ಪರ್ಸೆಂಟ್. ಟಿವಿಯವರು ‘ಪಾಲು’ ಎಂಬುದನ್ನು ನುಂಗಿಕೊಂಡು ‘ಜನಸಂಖ್ಯೆ’ ಎಂದು ಕೂಗಿದರು.

ತಲೆ ಎಣಿಸುವುದಾದರೆ, 1951ರಲ್ಲಿ ಹಿಂದೂಗಳು ಸುಮಾರು 30 ಕೋಟಿ ಇದ್ದರು. 2011ರ ಹೊತ್ತಿಗೆ 96 ಕೋಟಿ ದಾಟಿದರು. ಇದು ಯಾವ ಸೀಮೆಯ ಕುಸಿತ?

ಅದೇ ಪ್ರಬಂಧದಲ್ಲಿ ಬೌದ್ಧರ ಸಾಲು ನೋಡಿ. 0.05 ಇದ್ದದ್ದು 0.81 ಆಗಿದೆ. ಇದೇ ಲೆಕ್ಕದಲ್ಲಿ 1500 ಪರ್ಸೆಂಟಿಗೂ ಜಾಸ್ತಿ ಏರಿಕೆ! ಅದನ್ನು ಯಾರೂ ಬ್ರೇಕಿಂಗ್ ನ್ಯೂಸ್ ಮಾಡಲಿಲ್ಲ, ಅಲ್ವಾ? 1956ರಲ್ಲಿ ನಾಗಪುರದಲ್ಲಿ ಅಂಬೇಡ್ಕರ್ ಅವರ ಜೊತೆ ಲಕ್ಷಾಂತರ ಜನ ಬೌದ್ಧರಾದದ್ದನ್ನು ಮರೆತರೆ ಆ ಅಂಕಿಗೆ ಅರ್ಥವೇ ಇಲ್ಲ. ಶುರುವಿನ ಸಂಖ್ಯೆ ಚಿಕ್ಕದಿದ್ದಷ್ಟೂ ಪರ್ಸೆಂಟ್ ಉಬ್ಬುತ್ತದೆ. ಹೆದರಿಸುವವರಿಗೆ ಇದು ಚೆನ್ನಾಗಿ ಗೊತ್ತು.

ಹಾಗಂತ ‘ಏನೂ ಬದಲಾಗಿಲ್ಲ, ಎಲ್ಲಾ ಸುಳ್ಳು’ ಎಂದು ವಾದಿಸುವವರೂ ಸುಮ್ನೆ ಕೂರಲಿ. ಮುಸ್ಲಿಮರ ಪಾಲು ಏರಿರುವುದು ಜನಗಣತಿಯಲ್ಲೇ ಇದೆ. ಆದರೆ ಏರಿಕೆಯ ವೇಗ ಇಳಿಯುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992–93ರಲ್ಲಿ ಒಬ್ಬ ಮುಸ್ಲಿಂ ಮಹಿಳೆಗೆ ಸರಾಸರಿ 4.4 ಮಕ್ಕಳು, ಹಿಂದೂ ಮಹಿಳೆಗೆ 3.3. 2019–21ರಲ್ಲಿ 2.4 ಮತ್ತು 1.9. ಇದನ್ನು ನೋಡಿಯೂ ‘ಇಂಥ ವರ್ಷಕ್ಕೆ ನಾವು ಅಲ್ಪಸಂಖ್ಯಾತರು’ ಎಂದು ಭವಿಷ್ಯ ಹೇಳುವವರ ಹತ್ತಿರ ಜಾತಕ ಬೇಕಾದರೆ ಬರೆಸಿಕೊಳ್ಳಿ, ಅಂಕಿ-ಅಂಶ ಕಲಿಯಬೇಡಿ.

2004ರಲ್ಲೂ ಇಂಥದ್ದೇ ಗದ್ದಲ. 1991ರಿಂದ 2001ರ ಜನಗಣತಿಯೊಳಗೆ ಮುಸ್ಲಿಮರ ಸಂಖ್ಯೆ 36% ಬೆಳೆಯಿತು ಎಂದು ಸುದ್ದಿಯಾಯಿತು. 1991ರಲ್ಲಿ ಜಮ್ಮು-ಕಾಶ್ಮೀರದಲ್ಲಿ ಗಣತಿಯೇ ಆಗಿರಲಿಲ್ಲ, 2001ರ ಲೆಕ್ಕಕ್ಕೆ ಅದು ಸೇರಿತ್ತು. ಸರಿಪಡಿಸಿದ ಮೇಲೆ 29ರ ಆಸುಪಾಸಿಗೆ ಬಂತು. ತಿದ್ದುಪಡಿ ಓದಿದವರು ಎಷ್ಟು ಜನವೋ!

ಪ್ರಶ್ನೆ: ಫ್ಯಾಮಿಲಿ ಗ್ರೂಪಿನಲ್ಲಿ ಭಾವ ದಿನಾ ಇಂಥದ್ದೇ ಹಾಕುತ್ತಾರೆ. ಏನು ಮಾಡಲಿ?

ಉತ್ತರ: ‘ಯಾವುದರಲ್ಲಿ ಎಷ್ಟು ಪರ್ಸೆಂಟ್, ಭಾವ?’ ಎಂದು ಒಂದೇ ಸಲ ಕೇಳಿ ಬಿಟ್ಟುಬಿಡಿ. ಹಬ್ಬಕ್ಕೆ ಅವರ ಮನೆಗೆ ಹೋಗಬೇಕಲ್ಲ.

ಪ್ರಶ್ನೆ: ನಮ್ಮಲ್ಲಿ ಕೇಸುಗಳು ಹೆಚ್ಚಿವೆ. ಅಪರಾಧ ಹೆಚ್ಚಿತು ಅಂತಲೇ ಅರ್ಥ ತಾನೇ?

ಉತ್ತರ: ದೂರು ಬರೆದುಕೊಳ್ಳುವ ಠಾಣೆ ಇದೆ ಅಂತಲೂ ಇರಬಹುದು. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ತನ್ನ ವರದಿಯಲ್ಲೇ ಈ ಎಚ್ಚರಿಕೆ ಕೊಟ್ಟಿದೆ.

ಪ್ರಶ್ನೆ: ಲಕ್ಷಗಟ್ಟಲೆ ಜನ ಒತ್ತಿದ ಯೂಟ್ಯೂಬ್ ಪೋಲ್ ನಂಬಬಹುದಾ?

ಉತ್ತರ: 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ತರಿಸಿಕೊಂಡು, ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಸೋಲುತ್ತಾರೆ ಎಂದಿತ್ತು. ಅವರು 48ರಲ್ಲಿ 46 ರಾಜ್ಯ ಗೆದ್ದರು.