ಗುಳೆ ಹೋಗುವ ಮಕ್ಕಳ ಜೊತೆ ನಂಟು ಉಳಿಸಿಕೊಳ್ಳೋದು ಹೇಗೆ?

ಮೇಡಂ, ಚಿಂಚೋಳಿ ಕಡೆಯ ತಾಂಡಾ (ಲಂಬಾಣಿಗರ ಊರು) ಶಾಲೆಗೆ ಹೊಸದಾಗಿ ಬಂದಿದ್ದೀರಿ. ಮಕ್ಕಳು ಬಾಯೇ ಬಿಡಲ್ಲ, ದೀಪಾವಳಿ ಆದಮೇಲೆ ಸುಮಾರು ಮಕ್ಕಳು ಕೂಲಿಗಾಗಿ ಊರು ಬಿಡುವ ಅಪ್ಪ-ಅಮ್ಮನ ಜೊತೆ ಗುಳೆ ಹೋಗ್ತಾರೆ, ಅವರಿಗೆ ಹತ್ತಿರ ಆಗೋದು ಹೇಗೆ ಅಂತ ಕೇಳಿದ್ದೀರಿ. ನಾನೂ ಕಲಬುರಗಿ ಜಿಲ್ಲೆಯ ಶಿಕ್ಷಕ.

ಸುಮ್ಮನಿರೋದಕ್ಕೆ ಹೆದರಿಕೆಯೊಂದೇ ಕಾರಣ ಅಲ್ಲ. ಮನೆಯಲ್ಲಿ ಅವರಾಡೋದು ಲಂಬಾಣಿ. ಒಂದನೇ ತರಗತಿಯ ಮಗುವಿಗೆ ಪುಸ್ತಕದ ಕನ್ನಡ ಹೊಸ ಭಾಷೆಯೇ, ಅಲ್ವಾ? ಮಕ್ಕಳ ಹತ್ತಿರವೇ ಒಂದಿಷ್ಟು ಲಂಬಾಣಿ ಕಲಿಯಿರಿ. ನೀವು ತಡವರಿಸಿದಾಗ ಹಿಂದಿನ ಸಾಲಿನ ಮಗುವೂ ನಕ್ಕು ತಿದ್ದುತ್ತದೆ. ಮಾತು ಶುರುವಾಗೋದೇ ಅಲ್ಲಿಂದ.

ಗುಳೆಯದು ಜಾಸ್ತಿ ಕಷ್ಟ. ಹೊರಡುವ ಮೊದಲೇ ಮನೆಗೆ ಹೋಗಿ ಬನ್ನಿ. ಯಾವ ಊರು, ಯಾರ ಫೋನ್ ಅಂತ ಬರೆದುಕೊಳ್ಳಿ. ಅಜ್ಜಿ ಊರಲ್ಲೇ ಇರ್ತಾರಾ ಕೇಳಿ. ಟಿಸಿ (ವರ್ಗಾವಣೆ ಪತ್ರ) ತಡವಾಯಿತು ಅಂತ ಬೇರೆ ಶಾಲೆಯವರು ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್‌ನಲ್ಲೇ ಇದಿದೆ. ಎಷ್ಟೋ ಪಾಲಕರಿಗೆ ಇದು ಗೊತ್ತಿಲ್ಲ, ಒಂದು ಚೀಟಿಯಲ್ಲಿ ಬರೆದು ಕೊಡಿ.

ವಾಪಸ್ ಬಂದ ದಿನ ಮಾತ್ರ ಎಲ್ಲರೆದುರು ‘ಇಷ್ಟು ದಿನ ಎಲ್ಲಿ ಹೋಗಿದ್ದಿ’ ಅಂತ ಗದರಿಸಬೇಡಿ. ನಮ್ಮಲ್ಲಿ ಯುಗಾದಿ ಆದಮೇಲೆ ಬಂದ ಹುಡುಗನೊಬ್ಬ ಬಾಗಿಲಲ್ಲೇ ನಿಂತುಬಿಟ್ಟಿದ್ದ. ಬೀರುವಿನಲ್ಲಿಟ್ಟಿದ್ದ ಅವನ ಹಳೇ ನೋಟ್‌ಬುಕ್ ಕೊಟ್ಟೆ. ಬರೆದು ನಿಲ್ಲಿಸಿದ್ದ ಪುಟ ತೆಗೆದು, ತನ್ನ ಜಾಗಕ್ಕೇ ಹೋಗಿ ಕೂತ. ನೀವೂ ನೋಟ್‌ಬುಕ್‌ಗಳನ್ನು ತೆಗೆದಿಡಿ.

ಅಜ್ಜಿ ಹತ್ತಿರ ಉಳಿಯುವ ಮಕ್ಕಳಿದ್ದರೆ, ಪಾಲಕರು ಗುಳೆ ಹೋದ ತಿಂಗಳುಗಳಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಋತುಮಾನದ ಹಾಸ್ಟೆಲ್ ಬಗ್ಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಈಗಲೇ ವಿಚಾರಿಸಿ. ದೀಪಾವಳಿವರೆಗೆ ಕಾಯಬೇಡಿ.