ಖಾಲಿ ತಿಂಗಳಿಗೆ ಸೊನ್ನೆ ಹಾಕಬಹುದೇ?

ಪ್ರಶ್ನೆ: ನಮ್ಮ ತೋಟದ ಮಳೆ ಲೆಕ್ಕವನ್ನು ಹಳೆ ಡೈರಿಗಳಿಂದ ಕಂಪ್ಯೂಟರ್‌ಗೆ ಏರಿಸುತ್ತಿದ್ದೇನೆ. ಒಂದು ವರ್ಷದ ಮಾರ್ಚ್ ಪೂರ್ತಿ ಖಾಲಿ. ಆ ಖಾಲಿ ಪಟ್ಟಿಯನ್ನು ನಂಪೈಗೆ (ಪೈಥಾನ್ ಕಂಪ್ಯೂಟರ್ ಭಾಷೆಯ ಲೆಕ್ಕದ ಸಾಧನ) ಕೊಟ್ಟರೆ ಮೊತ್ತ 0 ಬರುತ್ತದೆ, ಸರಾಸರಿಗೆ ‘ನ್ಯಾನ್’ (ಸಂಖ್ಯೆಯೇ ಅಲ್ಲ ಎಂಬ ಗುರುತು) ಬರುತ್ತದೆ, ಗರಿಷ್ಠ ಕೇಳಿದರೆ ಎರರ್ ಕೊಟ್ಟು ನಿಂತುಬಿಡುತ್ತದೆ. ಒಂದೇ ಪಟ್ಟಿಗೆ ಮೂರು ಥರದ ಉತ್ತರ ಯಾಕೆ? ಎಲ್ಲಕ್ಕೂ 0 ಹಾಕಿಬಿಡಲೇ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ದಯವಿಟ್ಟು ಹಾಕಬೇಡಿ. ಮೂರೂ ಉತ್ತರ ಸರಿಯಾಗಿವೆ.

ತಿಂಗಳನ್ನು ಎರಡು ಭಾಗ ಮಾಡಿ ಬೇರೆ ಬೇರೆ ಕೂಡಿದರೂ ಒಟ್ಟು ಮಳೆ ಅಷ್ಟೇ ಇರಬೇಕು, ಅಲ್ವಾ? ಒಂದು ಭಾಗ ಖಾಲಿಯಿದ್ದರೆ ಅದರ ಮೊತ್ತ 0 ಆದಾಗ ಮಾತ್ರ ಲೆಕ್ಕ ತಾಳೆಯಾಗುತ್ತದೆ. ಸರಾಸರಿಗೆ 0ಯನ್ನು 0ಯಿಂದ ಭಾಗಿಸಬೇಕು. ಅದಕ್ಕೆ ಉತ್ತರವೇ ಇಲ್ಲ, ಹಾಗಾಗಿ ನ್ಯಾನ್.

ಗರಿಷ್ಠದ್ದೇ ಕಷ್ಟ. ಕಾಫಿ ದರದ ಏರಿಳಿತ ಬರೆದಿಟ್ಟಿದ್ದೀರಿ ಅನ್ನಿ. ತಿಂಗಳೆಲ್ಲ ದರ ಇಳಿದಿದೆ, ಎಲ್ಲ ಅಂಕಿಯೂ ಮೈನಸ್. ನಡುವೆ ಒಂದು ವಾರ ಖಾಲಿ. ಆ ವಾರದ ಗರಿಷ್ಠ 0 ಎಂದರೆ ಇಡೀ ತಿಂಗಳ ಗರಿಷ್ಠವೂ 0 ಆಗಿಬಿಡುತ್ತದೆ. ಅದು ಸುಳ್ಳು. ಲೆಕ್ಕ ಕೆಡಿಸದ ಉತ್ತರ ಮೈನಸ್ ಅನಂತ ಒಂದೇ. ಆರ್ ಎಂಬ ಇನ್ನೊಂದು ಕಂಪ್ಯೂಟರ್ ಭಾಷೆ ಅದನ್ನೇ ಕೊಟ್ಟು ಎಚ್ಚರಿಸುತ್ತದೆ, ನಂಪೈ ನಿಲ್ಲುತ್ತದೆ. ನಿಲ್ಲುವುದೇ ವಾಸಿ ಎಂದು ಹಾಸನದಲ್ಲಿ ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತೇನೆ.

ಮಳೆ ಮೈನಸ್ ಆಗಲ್ಲವಲ್ಲ ಎನ್ನಬಹುದು. ಗರಿಷ್ಠ ಕೇಳುವಾಗ ನಂಪೈಗೆ ‘ಇನಿಶಿಯಲ್’ (ಆರಂಭದ ಅಂಕಿ) ಎಂದು 0 ಕೊಟ್ಟರೆ ಎರರ್ ಹೋಗುತ್ತದೆ, ನಿಜ. ಆದರೆ ನಿಮ್ಮದು ಮಾರ್ಚ್, ಕಾಫಿ ಗಿಡದ ಹೂ ಅರಳಿಸುವ ಹೂಮಳೆಯ ಕಾಲ. ಮುಂದೆ ಯಾರಾದರೂ ಆ ವರ್ಷದ ಫಸಲನ್ನು ಮಳೆಯ ಜೊತೆ ಇಟ್ಟು ನೋಡಿದರೆ, ಹೂಮಳೆ ಇಲ್ಲದೆಯೂ ರೋಬಸ್ಟಾ ಕಾಫಿ ಚೆನ್ನಾಗಿ ಕಚ್ಚಿತ್ತು ಎಂದುಕೊಳ್ಳುತ್ತಾರೆ. ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂಬ ತೀರ್ಮಾನ ಅಂಥ ಅಂಕಿಗಳ ಮೇಲೆ ನಿಲ್ಲುತ್ತದೆ.

ಪಾಂಡಾಸ್ (ಪೈಥಾನ್‌ನಲ್ಲೇ ಕೋಷ್ಟಕಗಳ ಲೆಕ್ಕ ಮಾಡುವ ಸಾಧನ) ಬಳಸಿದರೆ ಇನ್ನೂ ಜಾಸ್ತಿ ಜಾಗ್ರತೆ ಬೇಕು. 2017ರ ಕೊನೆಯಲ್ಲಿ ಬಂದ 0.22 ಆವೃತ್ತಿಯಿಂದ, ಒಂದು ದಿನವೂ ಅಳೆಯದ ತಿಂಗಳಿಗೂ ಅದು ಮೊತ್ತ 0 ಎಂದೇ ಕೊಡುತ್ತದೆ. ‘ಮಿನ್ ಕೌಂಟ್’ (ಕನಿಷ್ಠ ಎಷ್ಟು ಅಂಕಿ ಇದ್ದರೆ ಕೂಡಬೇಕು ಎಂಬ ಸೂಚನೆ) 1 ಎಂದು ಕೊಡಿ, ಆಗ ನ್ಯಾನ್ ಬರುತ್ತದೆ. ಪಕ್ಕದಲ್ಲಿ ಎಷ್ಟು ದಿನ ಅಳೆದಿದ್ದಾರೆ ಎಂಬ ಕಾಲಂ ಕೂಡ ಇರಲಿ.

ಇದಕ್ಕೂ ಮೊದಲು ಒಂದು ಕೆಲಸ ಇದೆ. ಮಳೆ ಬಂದ ದಿನ ಮಾತ್ರ ಬರೆದು, ಉಳಿದ ದಿನ ಸುಮ್ನೆ ಖಾಲಿ ಬಿಡುವವರೂ ಇದ್ದಾರೆ. ನಿಮ್ಮ ಡೈರಿ ಹಾಗಿದ್ದರೆ ಆ ಮಾರ್ಚ್ ನಿಜವಾಗಿಯೂ 0 ಇರಬಹುದು. ಇದನ್ನು ಯಾವ ಸಾಫ್ಟ್‌ವೇರೂ ಹೇಳಲಾರದು. ಡೈರಿ ಬರೆದವರು ಇದ್ದರೆ ಈ ವಾರವೇ ಕೇಳಿಬಿಡಿ.