ಹಗ್ಗ ಎಳೆದು ತೋಳು ಸೋಲದಂಥ ಕಳೆ ಕೊಚ್ಚುವ ಯಂತ್ರ ಯಾವುದು?

ಪ್ರಶ್ನೆ: ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮಗೆ ಒಂದು ಎಕರೆ ಅಡಿಕೆ ತೋಟವೂ ಮನೆಯ ಸುತ್ತ ಹದಿನೈದು ಗುಂಟೆಯಷ್ಟು ಅಂಗಳ, ಹಿತ್ತಲೂ ಇವೆ. ನಾಲ್ಕು ವರ್ಷದ ಹಿಂದೆ ಅಗ್ಗಕ್ಕೆ ಸಿಕ್ಕಿತೆಂದು ಪೆಟ್ರೋಲಿನ ಟೂ ಸ್ಟ್ರೋಕ್ ವೀಡ್ ಕಟ್ಟರ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆವು. ಮೊದಲ ವರ್ಷ ತೊಂದರೆ ಕೊಡಲಿಲ್ಲ. ಈಗ ಇಪ್ಪತ್ತು ಸಲ ಹಗ್ಗ ಎಳೆದರೂ ಸ್ಟಾರ್ಟ್ ಆಗುವುದಿಲ್ಲ. ನಮ್ಮ ಯಜಮಾನರಿಗೆ ಭುಜದ ನೋವು. ನಾನು ನಿವೃತ್ತ ಶಿಕ್ಷಕಿ, ವಯಸ್ಸು 61. ಆಳು ಸಿಗದ ದಿನಗಳಲ್ಲಿ ಮನೆಯ ಸುತ್ತಲಿನ ಹುಲ್ಲನ್ನಾದರೂ ನಾನೇ ಹೊಡೆದುಕೊಳ್ಳಬೇಕೆಂದಿದ್ದೇನೆ. ಸುಲಭವಾಗಿ ಸ್ಟಾರ್ಟ್ ಆಗುವ, ನಂಬಬಹುದಾದ ಯಂತ್ರ ಯಾವುದು? ಸಹಾಯಧನ ಸಿಗುತ್ತದೆಯೇ?

ಉತ್ತರ: ಹೊಸ ಯಂತ್ರದ ಮಾತಿಗೆ ಮೊದಲು ಹಳೆಯದರ ವಿಷಯ ಹೇಳಬೇಕಾಗುತ್ತದೆ, ಏಕೆಂದರೆ ಅದು ಕೈಕೊಟ್ಟ ಕಾರಣ ತಿಳಿಯದೆ ಹೊಸದನ್ನು ತಂದರೆ ಎರಡನೆಯ ಮಳೆಗಾಲಕ್ಕೆ ಅದೂ ಇದೇ ಹಾದಿ ಹಿಡಿಯುತ್ತದೆ. ನೀವು ಬರೆದ ಲಕ್ಷಣ ನೋಡಿದರೆ ನನ್ನ ಮೊದಲ ಅನುಮಾನ ಎಂಜಿನ್ನಿನ ಮೇಲಲ್ಲ, ಪೆಟ್ರೋಲಿನ ಮೇಲೆ. ಬಂಕುಗಳಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ತೇವವನ್ನು ಹೀರುವ ವಸ್ತು. ಒಗೆದ ಬಟ್ಟೆ ವಾರವಾದರೂ ಒಣಗದ ನಮ್ಮ ಸೀಮೆಯ ಮಳೆಗಾಲದಲ್ಲಿ ಅದಕ್ಕೆ ತೇವದ ಕೊರತೆಯೇನೂ ಇಲ್ಲ. ಹೀರಿದ ನೀರು ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ, ಪೆಟ್ರೋಲ್ ಎಳೆಯುವ ಕೊಳವೆಯ ಬಾಯಿಯೂ ಅಲ್ಲೇ ಇರುತ್ತದೆ. ಇನ್ನು ಬಳಸದೆ ತಿಂಗಳುಗಟ್ಟಲೆ ಬಿಟ್ಟ ಪೆಟ್ರೋಲ್ ಕಾರ್ಬ್ಯುರೇಟರಿನ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಲ್ಲಿ ಅಂಟಾಗಿ ಕೂರುತ್ತದೆ, ಒಳಗಿನ ತೆಳು ರಬ್ಬರ್ ಪರದೆ ಗಡುಸಾಗುತ್ತದೆ. ಆದ್ದರಿಂದ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿ, ಪರದೆ, ಟ್ಯಾಂಕಿನೊಳಗಿನ ಪೆಟ್ರೋಲ್ ಫಿಲ್ಟರ್ ಮತ್ತು ಪ್ಲಗ್ ಬದಲಿಸಿ ಒಮ್ಮೆ ನೋಡಿ. ಅಷ್ಟರಿಂದಲೇ ಸರಿಹೋದರೆ ಅದನ್ನು ಆಳುಗಳ ಕೈಗೆ ಕೊಡಬಹುದು.

ನಿಮ್ಮ ಕೈಗೆ ಬೇಕಾದುದು ಬೇರೆ. ಕೊಳ್ಳುವುದೇ ಆದರೆ 35 ಸಿ.ಸಿ. ಆಸುಪಾಸಿನ ಫೋರ್ ಸ್ಟ್ರೋಕ್ ಯಂತ್ರವನ್ನು ಕೊಳ್ಳಿ ಎಂಬುದು ನನ್ನ ಸಲಹೆ. ಇದರಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವ ರಗಳೆಯಿಲ್ಲ. ಟೂ ಸ್ಟ್ರೋಕ್ ಯಂತ್ರಗಳು ಸ್ಟಾರ್ಟ್ ಆಗದಿರುವುದಕ್ಕೆ, ಸೈಲೆನ್ಸರಿನ ಬಾಯಿ ಮಸಿ ಕಟ್ಟುವುದಕ್ಕೆ ಅಳತೆ ತಪ್ಪಿದ ಮಿಶ್ರಣವೂ ದೊಡ್ಡ ಕಾರಣ. ಉದಾಹರಣೆಗೆ ಹೋಂಡಾದ ಜಿಎಕ್ಸ್ 35 ಎಂಜಿನ್ ಇರುವ ಯಂತ್ರಗಳು 35.8 ಸಿ.ಸಿ.ಯವು, ಎಂಜಿನ್ ಆಯಿಲ್ ಹಿಡಿಯುವುದು ಕೇವಲ 100 ಮಿ.ಲೀ.; ಧರೆಯ (ಮಣ್ಣಿನ ದಿಬ್ಬದ) ಮೇಲೆ, ಬಸಿಗಾಲುವೆಯ ಅಂಚಿನಲ್ಲಿ ಯಂತ್ರ ಎತ್ತ ವಾಲಿದರೂ ಒಳಗೆ ಎಣ್ಣೆ ತಲುಪುವಂತೆ ಅದನ್ನು ರೂಪಿಸಿದ್ದಾರೆ. ಆದರೆ 100 ಮಿ.ಲೀ. ಎಂದರೆ ಅರ್ಧ ಲೋಟ. ಅದರಲ್ಲಿ ಸ್ವಲ್ಪ ಇಳಿದರೂ ಎಂಜಿನ್ನಿಗೆ ಪೆಟ್ಟು ಬೀಳುವುದರಿಂದ ಪ್ರತಿ ದಿನ ಕೆಲಸಕ್ಕೆ ಮುನ್ನ ಮಟ್ಟ ನೋಡಲೇಬೇಕು. ಮೊದಲ ಬಾರಿ 10 ಗಂಟೆ ಓಡಿದ ಮೇಲೆ, ಅನಂತರ 50 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಎಣ್ಣೆ ಬದಲಿಸಬೇಕು. ಲಂಟಾನದ ಮೆಳೆ, ಹೆಬ್ಬೆರಳು ದಪ್ಪದ ಕುರುಚಲು ಕಡಿಯುವವರಿಗೆ 40 ಸಿ.ಸಿ. ದಾಟಿದ ಟೂ ಸ್ಟ್ರೋಕ್ ಯಂತ್ರದ ಕಸುವೇ ಬೇಕಾಗುತ್ತದೆ ಎಂಬುದು ನಿಜ, ಆದರೆ ಅಂಗಳದ ಹುಲ್ಲಿಗೆ ಅದರ ಅಗತ್ಯವಿಲ್ಲ.

ಅಂಗಡಿಯಲ್ಲಿ ಯಂತ್ರವನ್ನು ಪರೀಕ್ಷಿಸುವ ಕ್ರಮ ಮಾದರಿಯ ಹೆಸರಿಗಿಂತ ಮುಖ್ಯವಾದುದು. ನೀವು ಒಳಗೆ ಕಾಲಿಟ್ಟ ಕೂಡಲೇ ಅಂಗಡಿಯವರು ಒಂದೇ ಎಳೆತಕ್ಕೆ ಸ್ಟಾರ್ಟ್ ಮಾಡಿ ತೋರಿಸುತ್ತಾರೆ. ಬೆಳಗಿನಿಂದ ನಾಲ್ಕು ಜನರಿಗೆ ತೋರಿಸಿ ಬಿಸಿಯಾಗಿರುವ ಎಂಜಿನ್ ಹಾಗೆ ಸ್ಟಾರ್ಟ್ ಆಗುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಎಂಜಿನ್ನಿನ ಮೈಯನ್ನು ಮುಟ್ಟಿ ನೋಡಿ, ತಣ್ಣಗಿರುವ ಯಂತ್ರವನ್ನೇ ಕೇಳಿ, ನೆಲದ ಮೇಲಿಟ್ಟು ನೀವೇ ಹಗ್ಗ ಎಳೆಯಿರಿ. ಯಜಮಾನರೋ ಮಗನೋ ಎಳೆದು ನೋಡಿದರೆ ನಿಮ್ಮ ತೋಳಿಗೆ ಅದು ಒಗ್ಗುತ್ತದೆಯೇ ಎಂಬುದು ತಿಳಿಯುವುದಿಲ್ಲ. ಪಂಪಿನ ರಬ್ಬರ್ ಗುಂಡಿಯನ್ನು ಐದಾರು ಸಲ ಒತ್ತಿ, ಪಾರದರ್ಶಕ ಕೊಳವೆಯಲ್ಲಿ ಪೆಟ್ರೋಲ್ ಕಂಡ ಮೇಲೆ ಚೋಕ್ (ತಣ್ಣಗಿನ ಎಂಜಿನ್ನಿಗೆ ಗಾಳಿ ತಗ್ಗಿಸಿ ಪೆಟ್ರೋಲ್ ಹೆಚ್ಚಿಸುವ ಕೀಲು) ಹಾಕಿ, ಹಗ್ಗವನ್ನು ಮೊದಲು ನಿಧಾನವಾಗಿ ಬಿಗಿ ಸಿಗುವವರೆಗೆ ತಂದು ಆಮೇಲೆ ಒಂದೇ ಸಮನೆ ಎಳೆಯಬೇಕು. ಹೊಸ ಎಂಜಿನ್ ನಾಲ್ಕೈದು ಎಳೆತದೊಳಗೆ ಸ್ಟಾರ್ಟ್ ಆಗದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಹಗ್ಗದ ರಾಟೆಗೂ ಎಂಜಿನ್ನಿಗೂ ನಡುವೆ ಸ್ಪ್ರಿಂಗ್ ಕೂರಿಸಿ ಜಗ್ಗುವ ಪೆಟ್ಟನ್ನು ತಗ್ಗಿಸಿದ ಯಂತ್ರಗಳೂ ಇವೆ. ಸಿಕ್ಕರೆ ಅವನ್ನೂ ಎಳೆದು ನೋಡಿ, ಭುಜಕ್ಕೆ ವ್ಯತ್ಯಾಸ ತಿಳಿಯುತ್ತದೆ. ಸ್ಟಾರ್ಟ್ ಆದ ಮೇಲೆ ಎಕ್ಸಲರೇಟರ್ ಬಿಟ್ಟಾಗ ಬ್ಲೇಡ್ ನಿಲ್ಲಬೇಕು. ಆಗಲೂ ಅದು ತಿರುಗುತ್ತಿದ್ದರೆ ಕ್ಲಚ್ಚೋ ಐಡ್ಲಿಂಗೋ (ಎಕ್ಸಲರೇಟರ್ ಬಿಟ್ಟಾಗಿನ ಎಂಜಿನ್ ವೇಗ) ಸರಿಯಿಲ್ಲ ಎಂದರ್ಥ.

ಇದರ ಜೊತೆಗೆ ಇನ್ನೊಂದನ್ನು ಕೇಳಿ: ಪ್ಲಗ್, ಏರ್ ಫಿಲ್ಟರ್, ಹಗ್ಗ, ಕಾರ್ಬ್ಯುರೇಟರಿನ ಪರದೆ ಇವು ಅದೇ ಅಂಗಡಿಯ ಕಪಾಟಿನಲ್ಲಿ ಈಗ ಇವೆಯೇ? ತರಿಸಿಕೊಡುತ್ತೇವೆ ಎಂಬ ಉತ್ತರವನ್ನು ಇಲ್ಲ ಎಂದೇ ತಿಳಿಯಬೇಕು. ಜೂನ್ ತಿಂಗಳಲ್ಲಿ ಕಳೆ ದಿನಕ್ಕೊಂದು ಗೇಣು ಏಳುವಾಗ ಬಿಡಿಭಾಗಕ್ಕಾಗಿ ಎರಡು ವಾರ ಕಾಯುವುದು ಸಾಧ್ಯವಿಲ್ಲ. ಹೊಸನಗರದಲ್ಲೋ ಸಾಗರದಲ್ಲೋ ರಿಪೇರಿ ಆಗುವ ಯಂತ್ರ ಶಿವಮೊಗ್ಗದವರೆಗೆ ಹೊತ್ತೊಯ್ಯಬೇಕಾದ ಯಂತ್ರಕ್ಕಿಂತ ಒಂದೆರಡು ಸಾವಿರ ದುಬಾರಿಯಾದರೂ ನಿಮಗೆ ಅದೇ ಲಾಭ.

ಬೆನ್ನಿಗೆ ಹೊರುವ ಮಾದರಿ ಬೇಕೇ, ಪಕ್ಕಕ್ಕೆ ತೂಗು ಹಾಕುವ ಮಾದರಿ ಬೇಕೇ ಎಂಬುದನ್ನು ಜಾಗ ನಿರ್ಧರಿಸುತ್ತದೆ. ಇಳಿಜಾರಿನಲ್ಲಿ ಬೆನ್ನಿನ ಯಂತ್ರ ಅನುಕೂಲ, ಆದರೆ ಅದರ ತೂಕ ಹೆಚ್ಚು. ಜೊತೆಗೆ ಒಮ್ಮೆ ಎಂಜಿನ್ ನಿಂತರೆ ಕೆಳಗಿಳಿಸಿ, ಎಳೆದು, ಮತ್ತೆ ಹೊರಬೇಕು. ಸಮತಟ್ಟಾದ ಅಂಗಳಕ್ಕೆ ಎರಡೂ ಹೆಗಲಿಗೆ ಪಟ್ಟಿ ಇರುವ ಪಕ್ಕದ ಮಾದರಿಯೇ ನಿಮಗೆ ತಕ್ಕುದು. ಒಂದೇ ಹೆಗಲಿನ ಪಟ್ಟಿ ಕೊಟ್ಟರೆ ಬದಲಿಸಿಕೊಳ್ಳಿ.

ಅಂಗಳದಲ್ಲಿ ನೈಲಾನ್ ದಾರ ಸಾಕು, 2.4 ಮಿ.ಮೀ. ದಪ್ಪದ್ದು ಮೆದು ಹುಲ್ಲಿಗೆ, 3 ಮಿ.ಮೀ.ನದು ಬಲಿತ ಹುಲ್ಲಿಗೆ. ಯಂತ್ರ ತಡೆಯುವ ದಪ್ಪವೆಷ್ಟು ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ, ಮಿತಿ ಮೀರಿದ ದಪ್ಪದ ದಾರ ಎಂಜಿನ್ನನ್ನು ತಿಣುಕಿಸುತ್ತದೆ. ತೋಟದಲ್ಲಿ ಮಾತ್ರ ದಾರವನ್ನು ನಿರಪಾಯವೆಂದು ತಿಳಿಯಬೇಡಿ. ಕಾಳುಮೆಣಸಿನ ಬಳ್ಳಿಯ ಬುಡದ ಸಿಪ್ಪೆಯನ್ನು ಅದು ಒಂದು ಕ್ಷಣದಲ್ಲಿ ಸುಲಿದುಬಿಡುತ್ತದೆ, ಬಳ್ಳಿ ಬಾಡಿದ ಮೇಲೆ ನಾವು ಕೊಳೆರೋಗವೆಂದು ಔಷಧಿ ಹುಡುಕುತ್ತೇವೆ. ಮರ, ಬಳ್ಳಿ, ಅಡಿಕೆ ಸಸಿಗಳ ಸುತ್ತ ಒಂದು ಮೊಳ ಬಿಟ್ಟು, ಆ ಹುಲ್ಲನ್ನು ಕತ್ತಿಯಿಂದಲೇ ಸವರಿ. ಕಣ್ಣಿಗೆ ಕನ್ನಡಕ ಅಥವಾ ಮುಖಕ್ಕೆ ಜಾಲರಿ, ಕಾಲಿಗೆ ಗಮ್‌ಬೂಟು ಇಲ್ಲದೆ ಯಂತ್ರ ಮುಟ್ಟಬೇಡಿ. ಜಂಬಿಟ್ಟಿಗೆಯ ಚೂರು ಕವಣೆ ಕಲ್ಲಿನಂತೆ ಸಿಡಿಯುತ್ತದೆ, ಆದ್ದರಿಂದ ಹದಿನೈದು ಮೀಟರ್ ಒಳಗೆ ಮಕ್ಕಳಾಗಲಿ ದನಗಳಾಗಲಿ ಇರಬಾರದು.

ಸಹಾಯಧನದ ವಿಷಯ: ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರವರೆಗೆ, ನಿಗದಿತ ಮಿತಿಗೊಳಪಟ್ಟು ಸಹಾಯಧನವಿದೆ. ಪಹಣಿ ಮತ್ತು ಫ್ರೂಟ್ಸ್ (ಸರ್ಕಾರದ ರೈತ ನೋಂದಣಿ ತಂತ್ರಾಂಶ) ಗುರುತಿನ ಸಂಖ್ಯೆಯೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ಅರ್ಜಿ ಕೊಡಿ, ಆಮೇಲೆ ಕೊಳ್ಳಿ. ಇಲಾಖೆಯ ಪಟ್ಟಿಯಲ್ಲಿರುವ ಮಾದರಿಗೆ ಮಾತ್ರ ಇದು ಅನ್ವಯಿಸುತ್ತದೆ. ಸಹಾಯಧನ ಇದೆಯೆಂಬ ಒಂದೇ ಕಾರಣಕ್ಕೆ ಕೈಗೆ ಒಗ್ಗದ ಯಂತ್ರ ತರಬೇಡಿ.

ಪ್ರಶ್ನೆ: ನನ್ನದು ಟೂ ಸ್ಟ್ರೋಕ್ ಯಂತ್ರ. ಬೆಳಿಗ್ಗೆ ಸುಲಭವಾಗಿ ಸ್ಟಾರ್ಟ್ ಆಗುತ್ತದೆ, ಹತ್ತು ಗಂಟೆಗೆ ಕಾಫಿ ಕುಡಿದು ಬಂದು ಎಳೆದರೆ ಆಗುವುದಿಲ್ಲ. ಏಕೆ? (ತೀರ್ಥಹಳ್ಳಿಯ ಓದುಗರು)

ಉತ್ತರ: ನೀವು ಬಿಸಿ ಎಂಜಿನ್ನಿಗೂ ಬೆಳಗಿನಂತೆ ಚೋಕ್ ಹಾಕುತ್ತಿರಬೇಕು. ಆಗ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ನೆನೆಯುತ್ತದೆ, ಎಳೆದಷ್ಟೂ ಇನ್ನಷ್ಟು ನೆನೆಯುತ್ತದೆ. ಪ್ಲಗ್ ಬಿಚ್ಚಿ ಒರೆಸಿ, ಚೋಕ್ ತೆಗೆದು, ಸ್ವಿಚ್ ಆಫ್ ಮಾಡಿ ಖಾಲಿ ಹಗ್ಗವನ್ನು ಏಳೆಂಟು ಸಲ ಎಳೆದು ಒಳಗಿನ ಪೆಟ್ರೋಲ್ ಹೊರಹಾಕಿ, ಮತ್ತೆ ಪ್ಲಗ್ ಕೂರಿಸಿ ಚೋಕ್ ಇಲ್ಲದೆ ಎಳೆಯಿರಿ. ಮಿಶ್ರಣದ ಅಳತೆಯನ್ನೂ ನೋಡಿಕೊಳ್ಳಿ: ಕೈಪಿಡಿಯಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ. ಎಣ್ಣೆ, 25:1 ಎಂದಿದ್ದರೆ 40 ಮಿ.ಲೀ. ಬಾಟಲಿಯ ಮುಚ್ಚಳದ ಅಂದಾಜು ಬೇಡ, ಔಷಧಿ ಅಂಗಡಿಯ ಸಿರಿಂಜಿನಲ್ಲಿ ಅಳೆಯಿರಿ. ಹದಿನೈದು ದಿನಕ್ಕೆ ಸಾಲುವಷ್ಟನ್ನೇ ಬೆರೆಸಿ, ಮಳೆಗಾಲದ ಕಳೆ ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಅಟ್ಟಕ್ಕೇರಿಸಿ.